ಸಾವುಕಾರನ ತೋಳು, ನೀಲಪ್ಪನ ಗುಳಿಗೆ

ಫಕ್ಕೀರಪ್ಪ ಕಂಪೌಂಡರ್ ಕೇರಿಯವರ ತೋಳಿಗೆ ಬಿ.ಪಿ. ಪಟ್ಟಿ ಕಟ್ಟುತ್ತಿರಲಿಲ್ಲ.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ, ಅಕ್ಕಿಆಲೂರಿನ ಸಂತೆಯ ದಿನ. ಗಿರಣಿಯಲ್ಲಿ ಭತ್ತದ ಚೀಲ ಹೊರುತ್ತಿದ್ದ ಕೇರಿಯ ನೀಲಪ್ಪನ ಎದೆಯನ್ನು ಯಾರೋ ಒಳಗಿನಿಂದ ಹಿಂಡಿದಂತಾಯಿತು. ಚೀಲ ಇಳಿಸಿ ಕುಸಿದು ಕೂತ. ಹಮಾಲ ತನ್ನ ಅಂಗಳದಲ್ಲೇ ಸತ್ತರೆ ಸಂತೆಯ ವ್ಯಾಪಾರ ಕೆಡುತ್ತದೆಂದು ಗಿರಣಿ ಸಾವುಕಾರ ಕರಿಬಸಪ್ಪ ತಾನೇ ಮುಂದಾಗಿ ಅವನನ್ನು ದವಾಖಾನೆಗೆ ನಡೆಸಿಕೊಂಡು ಬಂದ. ಹಿಂದೆ ನೀಲಪ್ಪನ ಹೆಂಡತಿ ಭರಮವ್ವ, ಅವಳ ಹಿಂದೆ ಅರ್ಧ ಸಂತೆ.

ಡಾಕ್ಟರು ಹಾನಗಲ್ಲಿಗೆ ಹೋಗಿದ್ದರು. ಎದೆನೋವಿನವರ ನಾಲಿಗೆಯ ಕೆಳಗಿಡುವ ಗುಳಿಗೆಯನ್ನು ಫಕ್ಕೀರಪ್ಪನಿಗೆ ಒಪ್ಪಿಸುವಾಗ ಹತ್ತು ಸಲ ಹೇಳಿದ್ದರು: ಮೊದಲು ಬಿ.ಪಿ. ನೋಡು, ಕಡಿಮೆ ಇದ್ದರೆ ಕೊಡಬೇಡ, ಕೊಟ್ಟ ಮೇಲೂ ನೋಡು, ಇದು ಬಿ.ಪಿ. ಇಳಿಸಿ ಆಳನ್ನೇ ಕೆಡವುವ ಗುಳಿಗೆ. ಫಕ್ಕೀರಪ್ಪ ಹೇಳಿದ ಮಾತು ಮೀರುವವನಲ್ಲ. ಪಟ್ಟಿ ಬಿಚ್ಚಿದ, ನೀಲಪ್ಪನ ಬೆವೆತ ತೋಳು ನೋಡಿದ, ಪಕ್ಕದಲ್ಲಿದ್ದ ಕರಿಬಸಪ್ಪನ ತೋಳಿಗೆ ಕಟ್ಟಿದ.

“ಎದಿ ಹಿಡದದ್ದು ನಮ್ಮನಿಯವ್ರಿಗೆ. ಸಾವಕಾರ್ರ ತೋಳಿಗ್ಯಾಕ ಕಟ್ಟತೀರಿ?” ಎಂದಳು ಭರಮವ್ವ.

“ಒಂದ ಗಿರಣಿಯೋರು, ಒಂದ ಊರ ಅಕ್ಕಿ ಉಣ್ಣೋರು. ರಕ್ತ ಏನ ಬ್ಯಾರೆ ಇರತೈತೇನಬೇ?” ಎಂದ ಫಕ್ಕೀರಪ್ಪ.

ನೆರೆದವರು ಹೌದೌದೆಂದರು. ಅಂಥ ಸಮತೆಯ ಮಾತು ಆ ಪಡಸಾಲೆಯಲ್ಲಿ ಹಿಂದೆಂದೂ ಕೇಳಿಬಂದಿರಲಿಲ್ಲ.

ಪಾದರಸ ಸಂತೆಯ ಅಕ್ಕಿ ದರದಂತೆ ಏರಿ ನಿಂತಿತು. ಭಾಳ ಐತಿ ಎನ್ನುತ್ತ ಫಕ್ಕೀರಪ್ಪ, ನಿಂತೇ ಇದ್ದ ನೀಲಪ್ಪನ ತೆರೆದ ಬಾಯಿಗೆ ಮೇಲಿಂದ ಗುಳಿಗೆ ಬಿಟ್ಟ. ಎದೆ ತುಸು ಸಡಿಲಾಯಿತು, ತಲೆ ಮಾತ್ರ ಗಿರಣಿಯ ಗಾಲಿಯಂತೆ ತಿರುಗತೊಡಗಿತು. ಫಕ್ಕೀರಪ್ಪ ಮತ್ತೆ ಬಿ.ಪಿ. ನೋಡಿದ. ಕರಿಬಸಪ್ಪನದೇ. ಭಾಳ ಐತಿ ಎಂದು ಕೇಳಿ ಗಾಬರಿಬಿದ್ದ ಸಾವುಕಾರನ ಪಾದರಸ ಇನ್ನೂ ಮೇಲೇರಿತ್ತು. ಮೊದಲಿನದು ನಾಟಿಲ್ಲವೆಂದು ಫಕ್ಕೀರಪ್ಪ ನೀಲಪ್ಪನಿಗೆ ಇನ್ನೊಂದು ಗುಳಿಗೆ ಬಿಟ್ಟ.

ನೀಲಪ್ಪನಿಗೆ ಕಣ್ಣು ಕತ್ತಲೆಗಟ್ಟಿತು. ಕೇರಿಯವರು ಎಂದೂ ಕೂತಿರದ, ದವಾಖಾನೆಯ ಒಂದೇ ಒಂದು ಮಂಚದ ಮೇಲೆ ಚೀಲದಂತೆ ಉರುಳಿದ. ಕುಡಿದಾನೆ ಎಂದ ಒಬ್ಬ. ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯಿರೆಂದ ಮತ್ತೊಬ್ಬ. ಯಾರೂ ಹಿಡಿಯಲಿಲ್ಲ. ಭರಮವ್ವ ಗಂಡನ ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡು ತಿಕ್ಕಿದಳು.

ಅವನು ಕಣ್ಣು ಬಿಟ್ಟಾಗ ಕರಿಬಸಪ್ಪ ಎದೆ ಹಿಡಿದು ಬಾಗಿದ್ದ. ಈಗ ಬಿ.ಪಿ.ಯೂ ಅವನದೇ, ನೋವೂ ಅವನದೇ. ಫಕ್ಕೀರಪ್ಪ ಡಬ್ಬಿ ಬೋರಲು ಹಾಕಿ ಬಡಿದ. ಇದ್ದದ್ದೇ ಎರಡು ಗುಳಿಗೆ.

“ಏಳಲೇ ನೀಲ್ಯಾ, ಸಾವಕಾರ್ರು ಮಲಗಬೇಕು,” ಎಂದ.

ನೀಲಪ್ಪನ ಎದೆ ಮತ್ತೆ ಹಿಂಡತೊಡಗಿತ್ತು. ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಏಳೂದಿಲ್ಲರಿ. ಅವರ ಬಿ.ಪಿ. ನೋಡಿ ನನಗ ಗುಳಿಗಿ ಕೊಟ್ರಿ. ಈಗ ನಾ ಮಲಗಿರತೇನಿ, ಅವರಿಗೆ ಆರಾಮ ಆಗಲಿ. ರಕ್ತ ಒಂದ ಅಲ್ಲೇನ್ರಿ?”