ವರಮಾನ ಇಳಿಸಲು ಹೊರಟ ವರ್ಷ

ಮನೆಯಲ್ಲೇ ಕೂತು ದುಡಿಯುವವರಿಗೆ ದುಡಿಮೆಗಿಂತ ಅದರ ಲೆಕ್ಕ ಕೊಡುವುದೇ ದೊಡ್ಡ ಕೆಲಸ ಎಂದು ನನಗೆ ಯಾರೂ ಮೊದಲೇ ಹೇಳಲಿಲ್ಲ. ಹಾಗಾಗಿ ಪ್ರತಿ ವರ್ಷ ತೆರಿಗೆ ಲೆಕ್ಕ ಒಪ್ಪಿಸುವ ಜುಲೈ ಬಂತೆಂದರೆ ಏನಾದರೊಂದು ನಡೆದೇ ತೀರುತ್ತದೆ.

ನಾನು ದಾಂಡೇಲಿಯಲ್ಲಿ ಗ್ರಾಫಿಕ್ ಡಿಸೈನರ್. ಅಂದರೆ ರೆಸಾರ್ಟುಗಳ ಬೋರ್ಡು, ಹೋಮ್‌ಸ್ಟೇಗಳ ಲೋಗೊ, ಮದುವೆ ಕಾರ್ಡು ಇವನ್ನೆಲ್ಲ ಕಂಪ್ಯೂಟರಿನಲ್ಲಿ ರೂಪಿಸುವವಳು. ಬೋರ್ಡು ಬರೆಯುವವಳಲ್ಲ, ಅಚ್ಚು ಹಾಕುವವಳೂ ಅಲ್ಲ. ಅವರ ಕೈಗೆ ಹೋಗುವ ಮುಂಚೆ ಅದು ಹೇಗೆ ಕಾಣಬೇಕೆಂದು ತೀರ್ಮಾನಿಸುವವಳು. ಇಷ್ಟು ಬಿಡಿಸಿ ಹೇಳಿದ ಮೇಲೂ ನಮ್ಮ ಓಣಿಯವರು, "ಅಂದ್ರ ಝೆರಾಕ್ಸೇನು?" ಎನ್ನುತ್ತಾರೆ.

ಈ ಸಲ ಚಡಪಡಿಕೆ ಹೆಚ್ಚು. ಕಾರಣ, ನನ್ನ ಹಳೆಯ ಕಂಪ್ಯೂಟರ್ ಕೆಲಸದ ನಡುವೆ ತಾನೇ ಆರಿಹೋಗುತ್ತಿತ್ತು. ಹೊಸದಕ್ಕೆ ಸಾಲ ಬೇಕು. ಸಾಲಕ್ಕೆ ಬ್ಯಾಂಕಿನವರು ಆದಾಯ ತೆರಿಗೆ ರಿಟರ್ನ್ ಕೇಳಿದರು. ರಿಟರ್ನ್ ಎಂದರೆ ವರ್ಷದಲ್ಲಿ ಎಷ್ಟು ಬಂತು, ಅದರಲ್ಲಿ ಕೆಲಸಕ್ಕೆಂದು ಎಷ್ಟು ಖರ್ಚಾಯಿತು, ಉಳಿದದ್ದೆಷ್ಟು ಎಂದು ಸರ್ಕಾರಕ್ಕೆ ಒಪ್ಪಿಸುವ ಕಾಗದ. ಹಳಿಯಾಳದ ತೆರಿಗೆ ಸಲಹೆಗಾರರು ಒಂದೇ ಮಾತು ಹೇಳಿದರು: "ಖರ್ಚು ಎಷ್ಟ ತೋರಸ್ತೀರಿ, ವರಮಾನ ಅಷ್ಟ ಇಳೀತೈತಿ, ತೆರಿಗೀನೂ ಇಳೀತೈತಿ. ಆದ್ರ ಎಲ್ಲಾದಕ್ಕೂ ಬಿಲ್ ಬೇಕ್ರಿ ಮತ್ತ."

ಅವತ್ತಿನಿಂದ ನಾನು ಕೂತಲ್ಲಿ ಕೂರಲಿಲ್ಲ.

ಬಿಲ್ ಕೇಳಿದ್ದು

ಮೊದಲು ಹೋದದ್ದು ಕಂಪ್ಯೂಟರ್ ರಿಪೇರಿ ಮಾಡುವ ಭಾಯ್ ಹತ್ತಿರ. ವರ್ಷದಲ್ಲಿ ನಾಲ್ಕು ಸಲ ರಿಪೇರಿ ಮಾಡಿಕೊಟ್ಟಿದ್ದ. ಐದನೆಯ ಸಲ ಡಬ್ಬಿ ಬಿಚ್ಚಿ ಕೂತಿದ್ದ.

"ಭಾಯ್, ಎಲ್ಲಾದಕ್ಕೂ ಬಿಲ್ ಕೊಡ್ರಿ. ಇದರದ್ದೂ ಸೇರಿಸಿ."

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. "ಯಾಕ ಅಕ್ಕಾ, ನಾ ಏನ್ ತಪ್ ಮಾಡೀನಿ? ನನ್ನ ಮ್ಯಾಲ ಕೇಸ್ ಹಾಕ್ತೀರೇನು?"

ಕೇಸ್ ಅಲ್ಲ, ತೆರಿಗೆ, ಅದೂ ನನ್ನದು, ನಿನ್ನದಲ್ಲ ಎಂದು ಅರ್ಧ ಗಂಟೆ ತಿಳಿಸಿ ಹೇಳಿದೆ. ತೆರಿಗೆ ಎಂಬ ಮಾತು ಕೇಳಿ ಅವನು ಇನ್ನಷ್ಟು ಬೆವೆತ. ಕೊನೆಗೆ ನಾನು ಕೊಟ್ಟಿದ್ದ ಹಣವನ್ನೆಲ್ಲ ಗಲ್ಲಾಪೆಟ್ಟಿಗೆಯಿಂದ ತೆಗೆದು ನನ್ನ ಕೈಗಿಟ್ಟು, "ರೊಕ್ಕಾನ ಬ್ಯಾಡ ಅಕ್ಕಾ. ನೀವ್ ಬಂದೇ ಇಲ್ಲ, ನಾ ನೋಡೇ ಇಲ್ಲ" ಎಂದ.

ಬಿಲ್ ಕೇಳಲು ಹೋಗಿ ಇದ್ದ ಖರ್ಚನ್ನೂ ಕಳೆದುಕೊಂಡು ಬಂದೆ.

ಗೆಡ್ಡೆಯ ಲೆಕ್ಕ

ಜೋಯಿಡಾದ ಹೋಮ್‌ಸ್ಟೇ ಮಾಲೀಕರೊಬ್ಬರು ಲೋಗೊಗೆ ಅರ್ಧ ಹಣ ಕೊಟ್ಟು, ಉಳಿದರ್ಧಕ್ಕೆ ತಮ್ಮ ಹಿತ್ತಲಲ್ಲಿ ಅಗೆದ ಗೆಡ್ಡೆಗಳ ಒಂದು ಚೀಲ ಕಳಿಸಿದ್ದರು. ಆ ಕಡೆಯ ಗೆಡ್ಡೆಗಳಿಗೆ ಒಳ್ಳೆಯ ಹೆಸರಿದೆ, ಆದ್ದರಿಂದ ನಾನೂ ಬೇಡ ಅನ್ನಲಿಲ್ಲ. ಇದನ್ನು ಮುಚ್ಚಿಟ್ಟರೆ ತಪ್ಪಾದೀತೆಂದು ಸಲಹೆಗಾರರಿಗೆ ಹೇಳಿದೆ.

"ಅದರ ಬೆಲೀನೂ ವರಮಾನನ ರೀ" ಎಂದರು ಅವರು. "ಒಂದೀಟ ತೊಗೊಂಡ ಬರ್ರಿ, ನೋಡೂಣು."

ಒಂದಿಷ್ಟು ಒಯ್ದೆ. ತಿರುಗಿಸಿ ತಿರುಗಿಸಿ ನೋಡಿದರು, ಒಳಗೆ ಕೊಟ್ಟು ಪಲ್ಯ ಮಾಡಿಸಿದರು, ಉಂಡು ಕೈ ಒರೆಸಿಕೊಂಡರು.

"ಛಲೋ ಐತಿ. ಉಳಿದದ್ದನ್ನೂ ತಂದುಬಿಡ್ರಿ, ನನ್ನ ಫೀಸ್ ಆತು."

ಹೀಗೆ ಒಂದೇ ಚೀಲ ಗೆಡ್ಡೆ ನನ್ನ ರಿಟರ್ನಿನಲ್ಲಿ ಎರಡು ಕಡೆ ಕೂತಿದೆ: ಮೇಲೆ ವರಮಾನ, ಕೆಳಗೆ ಖರ್ಚು. ಪಲ್ಯ ಮಾತ್ರ ಅವರ ಹೊಟ್ಟೆಯಲ್ಲಿ.

ಅರ್ಧ ಖೋಲಿ

ಮನೆಯ ಒಂದು ಕೋಣೆಯನ್ನು ಕೆಲಸಕ್ಕೇ ಬಳಸಿದರೆ ಅದರ ಕರೆಂಟು ಖರ್ಚನ್ನೂ ತೋರಿಸಬಹುದಂತೆ. ಸಲಹೆಗಾರರು ಫೋನಿನಲ್ಲಿ ಕೇಳಿದರು: "ಆ ಖೋಲ್ಯಾಗ ಬ್ಯಾರೆ ಏನೂ ಮಾಡಂಗಿಲ್ಲ, ಹೌದಲ್ರಿ?"

ನಾನು ಹೌದು ಎನ್ನುವಷ್ಟರಲ್ಲಿ ಅವ್ವ ಹಿಂದಿನಿಂದ ಕೂಗಿದಳು: "ಹಪ್ಪಳ ಒಣಗಸ್ತೀನ್ರೀ! ಮಳಿಗಾಲದಾಗ ಫ್ಯಾನ್ ಹಚ್ಚಿ!"

ಆ ಕಡೆ ಕಾಗದದ ಮೇಲೆ ಏನೋ ಗೀಚಿ ಹೊಡೆದುಹಾಕಿದ ಸದ್ದು. "ಹಂಗಾರ ಅರ್ಧ ಖೋಲಿ ಬರೀತೇನಿ. ಹಪ್ಪಳ ಒಂದ ಕಡೆ ಸರಸಾಕ ಹೇಳ್ರಿ."

ಸಾಲ

ಅಂತೂ ಇಂಟರ್ನೆಟ್ಟು, ಸಾಫ್ಟ್‌ವೇರು, ಕರೆಂಟು ಎಂದು ಸಿಕ್ಕ ಬಿಲ್ಲನ್ನೆಲ್ಲ ಜೋಡಿಸಿ ರಿಟರ್ನ್ ತುಂಬಿದೆವು. ವರಮಾನ ಎಷ್ಟು ಚೆನ್ನಾಗಿ ಇಳಿದಿತ್ತೆಂದರೆ ಒಂದು ರೂಪಾಯಿ ತೆರಿಗೆಯೂ ಬೀಳಲಿಲ್ಲ. ಹೆಮ್ಮೆಯಿಂದ ಬ್ಯಾಂಕಿಗೆ ಹೋದೆ. ಸಾಲಕ್ಕೆ ಅವ್ವನ ಸಹಿಯೂ ಬೇಕಿದ್ದರಿಂದ ಅವಳೂ ಬಂದಳು.

ಮ್ಯಾನೇಜರ್ ಕಾಗದ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾಗದ ನೋಡಿದರು.

"ಇದು ತಿಂಗಳಿಂದೇನ್ರಿ?"

"ಇಲ್ರಿ, ವರ್ಷದ್ದು."

"ಇಷ್ಟರಾಗ ಕಂತು ಹೆಂಗ ಕಟ್ತೀರಿ?"

ನಿಜವಾಗಿ ಬರುವುದು ಹೆಚ್ಚು, ಖರ್ಚು ತೋರಿಸಿ ಇಳಿಸಿದ್ದು, ಬೇಕಾದರೆ ಬಿಲ್ಲುಗಳಿವೆ ಎಂದು ಒಂದೇ ಉಸಿರಿಗೆ ಹೇಳಿದೆ. ಬಿಲ್ಲಿನ ಕಟ್ಟನ್ನೂ ಮೇಜಿನ ಮೇಲಿಟ್ಟೆ. ಅವರು ಅದನ್ನು ಬೆರಳ ತುದಿಯಿಂದ ನನ್ನ ಕಡೆಗೇ ಸರಿಸಿದರು.

"ಖರ್ಚ ಇಷ್ಟೈತಿ ಅಂತ ನೀವ ಬರದ ಕೊಟ್ಟೀರಿ. ಮ್ಯಾಲ ಸಾಲಾನೂ ಕೇಳ್ತೀರಿ. ಕಂಪ್ಯೂಟರಿಗೆ ಕೊಡಾಕ ಬರೂದಿಲ್ರಿ." ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. "ಬೇಕಾರ ಎಮ್ಮಿ ಸಾಲ ಐತಿ. ಈ ವರಮಾನದವರಿಗೆ ಅದು ಲಗೂನ ಸಿಗ್ತೈತಿ."

"ಸರ್, ನಾನು ಡಿಸೈನರ್" ಎಂದೆ. ಡಿಸೈನರ್ ಎಂದರೇನೆಂದು ಮೊದಲಿನಿಂದ ಶುರುಮಾಡಿದೆ.

ಅವರು ಕೈ ಎತ್ತಿ ತಡೆದರು. "ಎಮ್ಮಿ ಹಾಲ ಕೊಡ್ತೈತಿ, ನಮಗ ಗೊತ್ತೈತಿ. ನೀವ್ ಏನ್ ಕೊಡ್ತೀರಿ ಅನ್ನೂದು ಈ ಕಾಗದದಾಗ ಎಲ್ಲೂ ಕಾಣವಲ್ದು."

ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವ್ವ ಮಾತ್ರ ಸೆರಗು ಸರಿಮಾಡಿಕೊಂಡು ಕುರ್ಚಿ ಮುಂದಕ್ಕೆಳೆದಳು.

"ಸಾಹೇಬ್ರ, ಎಮ್ಮೀನ ಕೊಡ್ರಿ. ನನ್ನ ಮಗಳಿಗೆ ಕಂಪ್ಯೂಟರ್ ಅದ ಕೊಡಸ್ತೈತಿ."