ತಾರಸಿಗೆ ಇಳಿದ ಬ್ರಹ್ಮಾಂಡ

ಮುತ್ತಾತ ಬಡಿದ ನೇಗಿಲ ಗುಳ ಮೂರು ತಲೆಮಾರು ಉತ್ತರೂ ಸವೆದಿರಲಿಲ್ಲ. ಅಜ್ಜ ಎಂಥ ಬೀಗವನ್ನೂ ಬರಿಯ ಮೊಳೆಯಿಂದ ತೆರೆದವನು. ಅಪ್ಪ ಸೀಳುಬಿಟ್ಟ ಶಾಲೆಯ ಗಂಟೆಯನ್ನು ಬೆಸೆದು ಮತ್ತೆ ಮೊಳಗಿಸಿದವನು. ಅಂಥ ಮನೆತನದ ಕುಡಿಯಾದ ವೆಲ್ಡಿಂಗ್ ಯಜಮಾನರು ಬರೀ ಗೇಟು, ಕಿಟಕಿ ಮಾಡಿಕೊಂಡೇ ಇದ್ದುಬಿಡುವುದೆಂದರೇನು? ಅರವತ್ತೆಂಟನೆಯ ವಯಸ್ಸಿನಲ್ಲಿ ಅವರು ನೇರ ಆಕಾಶಕ್ಕೇ ಕೈಹಾಕಿದರು.

ಇದೆಲ್ಲ ಗ್ರಂಥಾಲಯದ ಪುಸ್ತಕವೊಂದರ ಕಿತಾಪತಿ. ಮಂಗಳ ಮತ್ತು ಗುರುಗ್ರಹಗಳ ನಡುವೆ ಬಂಡೆಗಳ ದೊಡ್ಡ ಸಂತೆಯೇ ಇದೆಯಂತೆ. ಅವು ಡಿಕ್ಕಿ ಹೊಡೆದು ಚೂರಾಗಿ, ಕೆಲವು ದಾರಿತಪ್ಪಿ ಲಕ್ಷಾಂತರ ವರ್ಷ ಅಲೆದು, ಭೂಮಿಯ ಗಾಳಿಗೆ ನುಗ್ಗಿ ಉರಿಯುತ್ತವಂತೆ. ದೊಡ್ಡವು ಉಲ್ಕಾಶಿಲೆಯಾಗಿ ಬಿದ್ದರೆ, ದೂಳಿನಷ್ಟು ಸಣ್ಣವು ಕರಗಿ ಗುಂಡಗಾಗಿ, ಸಾಸಿವೆಗಿಂತ ಚಿಕ್ಕ ಮಣಿಗಳಾಗಿ ಎಲ್ಲರ ತಾರಸಿಗೂ ಇಳಿಯುತ್ತವಂತೆ. ಆಯಸ್ಕಾಂತ ಹಿಡಿದರೆ ಅಂಟುತ್ತವಂತೆ.

"ಎಲ್ಲರ ತಾರಸಿಗೆ ಬಿದ್ದದ್ದು ನಮ್ಮ ತಾರಸಿಗೆ ಬೀಳದೆ ಇರುತ್ತಾ?" ಎಂದರು ಯಜಮಾನರು.

"ಬೀಳೋಕೆ ಜಾಗ ಎಲ್ಲಿದೆ?" ಎಂದರು ಹೆಂಡತಿ.

ತಾರಸಿಯ ತುಂಬ ಯಜಮಾನರು ನಲವತ್ತು ವರ್ಷದಿಂದ ಪೇರಿಸಿಟ್ಟ ತುಕ್ಕು ಗುಜರಿ. ಆಕೆಗೆ ಬಟ್ಟೆ ಒಣಹಾಕಲು ಒಂದು ಮಾರು ಹಗ್ಗ ಕಟ್ಟುವುದಕ್ಕೂ ತಾವಿರಲಿಲ್ಲ. ಮಾತಿಗೆ ಮಾತು ಬೆಳೆಯಿತು. ಭಾನುವಾರದೊಳಗೆ ಆಕಾಶದ ಮಣಿ ತೋರಿಸದಿದ್ದರೆ ಗುಜರಿಯನ್ನೆಲ್ಲ ಇಳಿಸುವುದಾಗಿ ಯಜಮಾನರು ಆಣೆ ಮಾಡಿಬಿಟ್ಟರು.

ಮೂರು ದಿನ ಮಂಡಿಯೂರಿ, ಸಂದುಗೊಂದೆಲ್ಲ ಗುಡಿಸಿ, ದೂಳು ಜರಡಿ ಹಿಡಿದು, ಆಯಸ್ಕಾಂತ ಆಡಿಸಿದರು. ಅಡುಗೆಮನೆಯ ಹಿಟ್ಟಿನ ಜರಡಿ ಹರಿಯಿತು, ಸೊಂಟ ಹಿಡಿಯಿತು. ಆದರೆ ಫಸಲೇನು ಕಡಿಮೆಯೇ! ಪುಸ್ತಕ ಬರೆದವನು ವರ್ಷಗಟ್ಟಲೆ ಹುಡುಕಿಯೂ ಬೊಗಸೆ ತುಂಬಿಸಿರಲಿಲ್ಲ. ಇವರಿಗೆ ಕಾಫಿಪುಡಿ ಡಬ್ಬಿಯ ತುಂಬ ಮಣಿಗಳು ಸಿಕ್ಕವು. ಇಡೀ ಬ್ರಹ್ಮಾಂಡ ತಮ್ಮ ಮನೆಗೇ ಗುರಿಯಿಟ್ಟಿದೆ ಎಂದು ಬೀದಿಗೆಲ್ಲ ಸಾರಿಬಂದರು.

ಭಾನುವಾರ ತೀರ್ಪು ಹೇಳಲು ಬಂದವನು ಹೆಂಡತಿಯ ತಮ್ಮ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, ನಗು ನುಂಗಿಕೊಂಡು ಕೇಳಿದ: "ಭಾವ, ಕಬ್ಬಿಣ ಉಜ್ಜೋ ಗ್ರೈಂಡರ್ ಎಲ್ಲಿಟ್ಟು ಹೊಡೀತೀರಿ?"

"ಇಲ್ಲೇ, ತಾರಸಿ ಮೇಲೆ. ಕೆಳಗೆ ಕಿಡಿ ಹಾರಿದ್ರೆ ನಿಮ್ಮಕ್ಕ ಬೈತಾಳೆ. ಯಾಕೆ?"

ಕಬ್ಬಿಣ ಉಜ್ಜುವಾಗ ಹಾರುವ ಕಿಡಿಯೂ ಗಾಳಿಯಲ್ಲಿ ಕರಗಿ, ಆರಿ, ಹೀಗೇ ಗುಂಡಗಾಗುತ್ತದೆ ಎಂದು ಮೇಷ್ಟ್ರು ಮೆಲ್ಲಗೆ ತಿಳಿಸಿದ. ಡಬ್ಬಿಯೊಳಗಿನ ಬ್ರಹ್ಮಾಂಡದ ಸೃಷ್ಟಿಕರ್ತರು ಅವನ ಎದುರಿಗೇ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಆಕಾಶದ್ದು ಇದರಲ್ಲಿ ಒಂದಾದರೂ ಇರಬಾರದೇ ಎಂದು ಕೇಳಿದರು. ತಾರಸಿಯಲ್ಲಿ ಎಲ್ಲೋ ಒಂದು ಇದ್ದರೂ ಇದ್ದೀತು, ಆದರೆ ಈ ಡಬ್ಬಿಯಲ್ಲಂತೂ ಕಾಣಲಿಲ್ಲ ಎಂದ ಮೇಷ್ಟ್ರು.

ಹೆಂಡತಿ ಆಗಲೇ ಬಟ್ಟೆ ಒಣಹಾಕುವ ಹಗ್ಗ ತಂದಿದ್ದರು. "ಬನ್ನಿ, ಈ ಗುಜರೀನ ಒಂದು ಕಡೆ ನಾನು ಹಿಡೀತೀನಿ, ಇನ್ನೊಂದು ಕಡೆ ನನ್ನ ತಮ್ಮ ಹಿಡೀತಾನೆ. ಸಂಜೆಯೊಳಗೆ ಎಲ್ಲ ಖಾಲಿ ಮಾಡೋಣ."

ಯಜಮಾನರು ಪೊರಕೆ, ಆಯಸ್ಕಾಂತ ಎತ್ತಿಕೊಂಡರು.

"ಯಾರೂ ಕೈಹಾಕೋದು ಬೇಡ. ಒಂದೊಂದಾಗಿ ನಾನೇ ಇಳಿಸ್ತೀನಿ. ಇವುಗಳ ಅಡೀಲಿ ಇನ್ನೂ ಗುಡಿಸಿಲ್ಲ."