ಗೌಡರ ಕಟ್ಟೆಯ ಮೇಲೆ ಮಿಸರ್ ದೇಶದ ಮದುವೆ

ನಾನು ಕಾದಂಬರಿ ಬರೆದದ್ದರಲ್ಲಿ ಬೇರೆ ಯಾರ ತಪ್ಪೂ ಇಲ್ಲ. ಹೆಂಡತಿ ಬೇಡವೆಂದಳು, ಗೆಳೆಯರು ಬೇಡವೆಂದರು, ನನ್ನ ಕನ್ನಡವೂ ಬೇಡವೆಂದೇ ಹೇಳುತ್ತಿತ್ತು. ಆದರೆ ನಾನು ಹಿಡಿದ ಹಟ ಬಿಡುವವನಲ್ಲ.

ಆಗ ನಾನು ಮಸ್ಕಿಯಲ್ಲಿ ಮಾಸ್ತರ. ನಿಜಾಮನ ರಾಜ್ಯ ಹೋಗಿ ಕೆಲವು ವರ್ಷವಾಗಿತ್ತು. ಉರ್ದುವಿನಲ್ಲಿ ಓದಿ ಪಾಸಾದ ನಾನು ಈಗ ಮಕ್ಕಳಿಗೆ ಕನ್ನಡದಲ್ಲಿ ಕಲಿಸುತ್ತಿದ್ದೆ; ಕಠಿಣ ಒತ್ತಕ್ಷರ ಎದುರಾದಾಗ ಕೆಮ್ಮುತ್ತಿದ್ದೆ. ರಾಜ್ಯ ಬದಲಾದರೂ ನಮ್ಮೂರಿನ ಗೌಡರ ದೊಡ್ಡ ಮನೆಯ, ಅಂದರೆ ವಾಡೆಯ, ಕಟ್ಟೆ ಬದಲಾಗಿರಲಿಲ್ಲ. ಮೇಲೆ ಕೂಡುವವರು ಮೇಲೆ, ಕೆಳಗೆ ಕೂಡುವವರು ಕೆಳಗೆ. ಗೌಡರ ಹೊಲ ಉಳುವ ದುರಗಪ್ಪ, ಅವನ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಆ ಕಟ್ಟೆಯನ್ನು ಅಂಗಳದಲ್ಲಿ ಕೂತೇ ನೋಡಿದವರು. ಅವರನ್ನು ಮೇಲೆ ಹತ್ತಿಸಿಯೇ ತೀರಬೇಕೆಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಆದರೆ ನಾವು ಬಾಡಿಗೆಗಿದ್ದದ್ದು ಗೌಡರ ಮನೆಯಲ್ಲಿ. ಹಾಗಾಗಿ ಸಪ್ಪಳವಾಗದಂತೆ ಕುದಿಯಬೇಕಾಗಿತ್ತು.

ಅಷ್ಟರಲ್ಲಿ ಹೈದರಾಬಾದಿನಿಂದ ಬರುವ ಉರ್ದು ಪತ್ರಿಕೆಯಲ್ಲಿ ಈಜಿಪ್ತಿನ ಸುದ್ದಿ ಓದಿದೆ. ನಮ್ಮ ಕಡೆ ಅದಕ್ಕೆ ಮಿಸರ್ ದೇಶ ಎನ್ನುತ್ತಾರೆ. ಅಲ್ಲಿಯ ಬಾದಶಹ ಗಂಟುಮೂಟೆ ಕಟ್ಟಿಕೊಂಡು ಹಡಗು ಹತ್ತಿದ್ದ. ಪಾಶಾ ಎಂದು ಕರೆಸಿಕೊಳ್ಳುವ ದೊಡ್ಡ ಜಮೀನುದಾರರ ಭೂಮಿಯನ್ನು ಬಡವರಿಗೆ ಹಂಚುವ ಕೆಲಸ ನಡೆದಿತ್ತು. ಓದಿದೊಡನೆ ನನ್ನ ತಲೆಯಲ್ಲಿ ದೀಪ ಹತ್ತಿತು. ಮಸ್ಕಿಯ ಗೌಡರ ಮೇಲೆ ಬರೆದರೆ ಸಂಜೆಯೊಳಗೆ ನಮ್ಮ ಪಾತ್ರೆ ಪಗಡ ಬೀದಿಗೆ ಬೀಳುತ್ತವೆ. ಮಿಸರಿನ ಪಾಶಾನ ಮೇಲೆ ಬರೆದರೆ ಅವನೇನು ಸಮುದ್ರ ದಾಟಿ ಜಗಳಕ್ಕೆ ಬರುತ್ತಾನೆಯೇ? ಗೌಡರಿಗೆ ತಿಳಿಯಬಾರದು, ದುರಗಪ್ಪನಿಗೆ ತಿಳಿಯಬೇಕು. ಅಂಥ ಚತುರ ಐತಿಹಾಸಿಕ ಕಾದಂಬರಿಯೊಂದು ಕನ್ನಡ ಸರಸ್ವತಿಗೆ ಸಲ್ಲಲಿದೆ ಎಂದು ಆ ಕ್ಷಣವೇ ಘೋಷಿಸಿದೆ. ಕೇಳಿದವಳು ಶಾಂತಾ, ನನ್ನ ಹೆಂಡತಿ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿತ ತುಸು ಜೋರಾಯಿತು.

ಮಿಸರಿನಲ್ಲಿ ಬಡವರಿಂದ ಬಿಟ್ಟಿಯಾಗಿ ಕಾಲುವೆ ಅಗೆಸುತ್ತಿದ್ದರಂತೆ. ಅದನ್ನು ಕಣ್ಣಾರೆ ಕಂಡಂತೆ ಬರೆಯಬೇಕೆಂದು, ಹೊಸ ಕಾಲುವೆಯ ಕೆಲಸ ನಡೆದಿದ್ದ ಸಿಂಧನೂರಿನ ಕಡೆ ಹೋಗಿ, ಬಿಸಿಲಲ್ಲಿ ನಿಂತು ನೋಡಿ, ತಲೆಸುತ್ತು ಬಂದು ಬಿದ್ದು, ಬೇರೆಯವರ ಬಂಡಿಯಲ್ಲಿ ಮಲಗಿ ಊರಿಗೆ ಬಂದೆ.

"ಮಿಸರ್ ದೇಶ ಸಿಂಧನೂರದಾಗ ಐತೇನ್ರಿ?" ಎಂದು ಶಾಂತಾ ನನ್ನ ತಲೆಗೆ ಹಸಿ ಬಟ್ಟೆ ಹಾಕುತ್ತ ಕೇಳಿದಳು.

"ನಿನಗ ಸಾಹಿತ್ಯ ತಿಳಿಯಂಗಿಲ್ಲ."

"ತಿಳಿಯಂಗಿಲ್ಲ ಬಿಡ್ರಿ. ಆದ್ರ ಕಥಿಯಾಗ ಮದುವಿ ಐತೋ ಇಲ್ಲೋ? ಮದುವಿ ಇಲ್ಲದ ಕಥಿ ಹೆಣ್ಮಕ್ಕಳು ಕೇಳಂಗಿಲ್ಲ."

ಭೂಮಿಯ ಹಕ್ಕು, ಬೆವರಿನ ಬೆಲೆ ಎಂದು ಗುಡುಗುವ ಗ್ರಂಥದಲ್ಲಿ ಮದುವೆಯೇ? ನನಗೆ ನಾಚಿಕೆಯಾಯಿತು. ಆದರೂ ಮನೆಯ ಶಾಂತಿಗಾಗಿ ಒಂದು ಅಧ್ಯಾಯ ತುರುಕಿದೆ. ಕೂಲಿಯವನ ಮಗ ಹಸನ್, ಪಾಶಾನ ಮಗಳು ಜೈನಬಳನ್ನು ಮದುವೆಯಾಗುತ್ತಾನೆ. ಕಥೆಗೆ ಅದರಿಂದ ಏನೂ ಉಪಯೋಗವಿರಲಿಲ್ಲ.

ಶ್ರಾವಣ ಬಂತು. ಆ ತಿಂಗಳು ದಿನಾ ದೀಪ ಹಚ್ಚುವ ಹೊತ್ತಿಗೆ ಗೌಡರ ಕಟ್ಟೆಯ ಮೇಲೆ ಪುರಾಣ ಓದಿಸುವುದು ವಾಡೆಯ ಪದ್ಧತಿ. ಆ ವರ್ಷ ಪುರಾಣದ ಶಾಸ್ತ್ರಿಗಳ ಗಂಟಲು ಕಟ್ಟಿತು. ಗೌಡರು ನನ್ನನ್ನು ಕರೆಸಿದರು.

"ಮಾಸ್ತರ, ಭಾಳ ದೊಡ್ಡ ಪುಸ್ತಕ ಬರದೀರಂತ. ಅದನ್ನ ಓದಾಕ ಹಚ್ರಿ."

"ಅದು ಪುರಾಣ ಅಲ್ರಿ ಗೌಡ್ರ, ಕಾದಂಬರಿ. ಮಿಸರಿನ ಪಾಶಾಂದು."

"ಪಾಶಾ ಅಂದ್ರ?"

"ಭಾಳ ಹೊಲ ಮನಿ ಇದ್ದಾವ್ರಿ."

"ಹಂಗಾರ ನಮ್ಮಂಥಾವನ ಬಿಡ್ರಿ," ಎಂದು ಗೌಡರು ಮೀಸೆ ತಿರುವಿದರು.

ಮೊದಲ ದಿನವೇ ನನ್ನ ಹಸ್ತಪ್ರತಿಗೆ ವಿಭೂತಿ ಬಳಿದು, ಹೂವಿಟ್ಟು, ಮುಂದೆ ಕಾಯಿ ಒಡೆದರು. ಕಾಯಿನೀರು ಸೀದಾ ಪೀಠಿಕೆಯ ಮೇಲೆ ಬಿದ್ದು ನೈಲ್ ನದಿಯ ವರ್ಣನೆ ನದಿಯಾಗಿಯೇ ಹರಿಯಿತು. ಇದು ಪುರಾಣವಲ್ಲ ಎಂದು ನಾನು ದಿನಾ ಹೇಳಿದೆ. ಜನ ದಿನಾ ಕೈಮುಗಿದರು. ಹಸನನ ತಾಯಿ ಜೋಳದ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಟ್ಟಳೆಂದು ಓದಿದಾಗ ಕೆಳಗಿದ್ದ ಹೆಂಗಸರು ತಲೆದೂಗಿದರು. ಮಿಸರಿನಲ್ಲಿ ಏನು ತಿನ್ನುತ್ತಾರೆಂದು ನನಗೆ ಮಾತ್ರ ಗೊತ್ತಿರಲಿಲ್ಲ. ಅವರಿಗೆ ಯಾವ ಸಂಶಯವೂ ಇರಲಿಲ್ಲ.

ಹಸನ್ ಹುಟ್ಟುವ ಅಧ್ಯಾಯ ಬಂದಾಗ ದುರಗಪ್ಪನ ಹೆಂಡತಿ ಹುಲಿಗೆವ್ವ ಎದ್ದುನಿಂತಳು. ಪುರಾಣದಲ್ಲಿ ನಾಯಕ ಹುಟ್ಟಿದರೆ ತೊಟ್ಟಿಲು ಕಟ್ಟಿ ತೂಗುವುದು ನಮ್ಮ ಕಡೆಯ ರೂಢಿ. ಅವಳು ಕೆಳಗಿನ ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ, ಅದರಲ್ಲಿ ಒಂದು ತೆಂಗಿನಕಾಯಿ ಮಲಗಿಸಿದಳು.

"ಕೂಲಿ ಮಾಡಾವನ ಮಗ ಅಂದಮ್ಯಾಲೆ ನಮ್ಮ ಮಗನ ಅಲ್ಲೇನ್ರಿ ಮಾಸ್ತರ?" ಎಂದಳು.

ಹೆಂಗಸರು ಜೋಗುಳ ಹಾಡಿದರು. ಹಸನ್ ಅಂದಿನಿಂದ ಹಸನಪ್ಪನಾದ. ನಾನು ಶೋಷಣೆಯ ಬಗ್ಗೆ ಬರೆದ ಉದ್ದನೆಯ ಭಾಗ ಜೋಗುಳದಲ್ಲಿ ಮುಳುಗಿಹೋಯಿತು.

ಮುಂದೆ ಮದುವೆಯ ಅಧ್ಯಾಯ. ಪುರಾಣದಲ್ಲಿ ಮದುವೆ ಬಂದರೆ ಒಂದು ಮನೆಯವರು ಹೆಣ್ಣಿನ ಕಡೆ, ಒಂದು ಮನೆಯವರು ಗಂಡಿನ ಕಡೆ ಆಗಿ ಊಟ ಹಾಕಿಸಬೇಕು. ಪಾಶಾನ ಮಗಳ ಮದುವೆ ಎಂದು ಕೇಳಿದ ಗೌಡರು ಹಿಂದೆಮುಂದೆ ವಿಚಾರಿಸದೆ, "ಹೆಣ್ಣಿನ ಕಡೆ ವಾಡೇದವ್ರು. ಹೋಳಿಗಿ ಊಟ," ಎಂದು ಊರಿಗೆಲ್ಲ ಸಾರಿಸಿಬಿಟ್ಟರು. ಗಂಡಿನ ಕಡೆಗೆ ಸಂತೆಕಲ್ಲೂರಿನ ತಮ್ಮ ನೆಂಟರು ಬರುವರೆಂದು ಅವರ ಎಣಿಕೆ. ಹಸನ್ ಯಾರ ಮಗನೆಂದು ಅವರಿಗೆ ನೆನಪಿಸುವ ಕೆಲಸ ನನ್ನದಾಗಿತ್ತು. ಹೋಳಿಗೆಯ ವಾಸನೆಗೆ ನಾನೂ ಮರೆತೆ.

ಮರುದಿನ ಸಂಜೆ ಹಲಗೆ ಬಡಿಯುತ್ತ ದಿಬ್ಬಣ ಬಂತು. ಮುಂದೆ ದುರಗಪ್ಪ, ತಲೆಗೆ ಹೊಸ ರುಮಾಲು. ಪಕ್ಕದಲ್ಲಿ ಹುಲಿಗೆವ್ವ, ಬಾಸಿಂಗ ಕಟ್ಟಿದ ತೆಂಗಿನಕಾಯಿ ಎತ್ತಿಕೊಂಡು. ಹಿಂದೆ ಅವರ ಕೇರಿಗೆ ಕೇರಿಯೇ. ಕಟ್ಟೆಯ ಮೆಟ್ಟಿಲ ಹತ್ತಿರ ಬಂದು ದುರಗಪ್ಪ ನಿಂತ. ಹಲಗೆಯೂ ನಿಂತಿತು. ಅಲ್ಲಿಂದ ಮುಂದೆ ಅವನ ವಂಶದಲ್ಲಿ ಯಾರೂ ಹೋದವರಿಲ್ಲ. ಅವನು ಹೊಸ ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ನಾನು ಬಾಡಿಗೆ ಮನೆಯನ್ನು ನೆನೆದು ಎರಡು ಹೆಜ್ಜೆ ಹಿಂದೆ ಸರಿದೆ.

ಗೌಡರು ನನ್ನ ಕಿವಿಯ ಹತ್ತಿರ ಬಂದರು. "ಮಾಸ್ತರ, ಈ ಮದುವಿ ಆಗಲೇಬೇಕೇನು?"

ಎಂಥ ಗಳಿಗೆ ಅದು! ಇಂಥ ಪ್ರಶ್ನೆಗೆ ಎದೆಯುಬ್ಬಿಸಿ ಉತ್ತರ ಕೊಡಲೆಂದೇ ಅಲ್ಲವೆ ನಾನು ಲೇಖನಿ ಹಿಡಿದದ್ದು? ದೃಢವಾಗಿ ಹೇಳಿದೆ:

"ಬ್ಯಾಡ ಅಂದ್ರ ಹುಡುಗಿಗೆ ಕಾಲರಾ ಬರಿಸ್ತೀನ್ರಿ ಗೌಡ್ರ. ಒಂದು ಸಾಲಿನ ಕೆಲಸ."

ಗೌಡರ ಮುಖ ಅರಳಿತು. ಆದರೆ ಬಾಗಿಲಲ್ಲಿ ಕೂತಿದ್ದ ಅವರ ಮುದಿ ತಾಯಿಗೆ ಕಣ್ಣು ಮಂದವೇ ಹೊರತು ಕಿವಿಯಲ್ಲ.

"ಏನು ಮಾತಾಡಾಕತ್ತೀರಿ ಇಬ್ಬರೂ? ಮಂದಿ ಅಕ್ಕಿಕಾಳು ಕೈಯಾಗ ಹಿಡಕೊಂಡು ನಿಂತಾರ. ಪುರಾಣದಾಗಿನ ಮದುವಿ ಮುರಿದ್ರ ಊರಿಗೆ ಕೇಡು. ಬೀಗರು ನಡಕೊಂತ ಬಂದಾರ, ಕಾಲಿಗೆ ನೀರು ಕೊಡೋ. ಹೆಣ್ಣು ಕೊಟ್ಟಾವ ಬಗ್ಗಬೇಕು."

ಗೌಡರು ತಾಯಿಯನ್ನು ನೋಡಿದರು, ಜನರನ್ನು ನೋಡಿದರು. ನೀರಿನ ಕೊಡ ತೆಗೆದುಕೊಂಡರು. ಅದನ್ನು ನನ್ನ ಕೈಗೆ ಕೊಟ್ಟರು.

"ಮಾಸ್ತರ, ನೀವ ಕಟ್ಟಿದ ಮದುವಿ. ನೀವ ಹಾಕ್ರಿ."

ಹಾಕಿದೆ. ಕೇರಿಯ ಅಷ್ಟೂ ಜನರ ಕಾಲಿಗೆ ನೀರು ಹಾಕಿ ನನ್ನ ಸೊಂಟ ಹಿಡಿಯಿತು. ದುರಗಪ್ಪ ಕಣ್ಣುಮುಚ್ಚಿ ಮೆಟ್ಟಿಲು ಹತ್ತಿದ. "ಬರ್ರಿ ಬೀಗರ," ಎಂದು ಗೌಡರು ಕರೆದರು. ಮೊದಲು ಮಾತು ಹಲ್ಲಿನ ಸಂದಿಯಿಂದ ಬಂತು. ಎರಡನೆಯ ಹೋಳಿಗೆ ಬಡಿಸುವ ಹೊತ್ತಿಗೆ ಸಲೀಸಾಯಿತು. ನನಗೆ ನಿಜವಾಗಿ ಕಣ್ಣು ತುಂಬಿ ಬಂತು. ನಾನು ಯಾವ ಕಡೆಯವನೆಂದು ತೀರ್ಮಾನವಾಗದ ಕಾರಣ ನನ್ನನ್ನು ಯಾವ ಪಂಕ್ತಿಗೂ ಕರೆಯಲಿಲ್ಲ. ಕೊನೆಗೆ ಅಡುಗೆಮನೆಯಲ್ಲಿ ಶಾಂತಾಳ ಜೊತೆ ಕೂತು ತಳದ ಸಾರು ಉಂಡೆ.

ಮದುವೆ ಬೇಕೆಂದವಳು ಅವಳೇ ಅಲ್ಲವೆ, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಮುಖ ನೋಡಿಯೇ ನನಗೆ ಸಾಕಾಯಿತು.

ಆದರೂ ನನ್ನ ನಿರ್ಧಾರ ಸಡಿಲಾಗಲಿಲ್ಲ. ಮದುವೆ ಏನಿದ್ದರೂ ಆಕಸ್ಮಿಕ. ಮುಖ್ಯ ಅಧ್ಯಾಯ ಇನ್ನೂ ಮುಂದಿತ್ತು. ಬಡವರು ಎದ್ದು ನಿಲ್ಲುವ, ಪಾಶಾಗಳ ಅರಮನೆ ನಡುಗುವ, ಬಾದಶಹ ಹಡಗು ಹತ್ತುವ ಅಧ್ಯಾಯ. ಅದಕ್ಕಾಗಿಯೇ ನಾನು ಸಿಂಧನೂರಿನ ಬಿಸಿಲಲ್ಲಿ ಬಿದ್ದದ್ದು. ಮಾರನೆಯ ಸಂಜೆ ಕಟ್ಟೆ ತುಂಬಿತ್ತು. ಬೀಗರಾದ ಮೇಲೆ ಕೆಳಗೆ ಕೂಡಿಸುವುದು ಹೇಗೆಂದು ಗೌಡರೇ ಕೇರಿಯವರಿಗೆ ಮೇಲೆ ಜಮಖಾನೆ ಹಾಸಿಸಿದ್ದರು. ನಾನು ಎದ್ದು ನಿಂತು, ಕೈಯೆತ್ತಿ, ಕಟ್ಟೆ ಅದುರುವಂತೆ ಗುಡುಗಿದೆ:

"ಏಳಿ, ತುಳಿತಕ್ಕೆ ಒಳಗಾದವರೇ, ಮೇಲೇಳಿ!"

ಯಾರೂ ಏಳಲಿಲ್ಲ. ಮುಂದಿನ ಸಾಲಿನಲ್ಲಿ ದುರಗಪ್ಪ ಗೌಡರ ತಲೆದಿಂಬಿಗೆ ಒರಗಿ, ಕಾಲು ಚಾಚಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದ. ಗೌಡರು ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

"ಮಾಸ್ತರ, ಸಾವಕಾಶ ಓದ್ರಿ. ಬೀಗರು ಮಲಗ್ಯಾರ."

ನಾನು ಕೂತು, ಮಿಸರ್ ದೇಶದ ಕ್ರಾಂತಿಯನ್ನು ಕೊನೆಯವರೆಗೂ ಪಿಸುಮಾತಿನಲ್ಲಿ ಓದಿ ಮುಗಿಸಿದೆ.